ಕಣ್ಣಳತೆ

ಗೋಡೆಗೆ ಮೊಳೆ ಹೊಡೆಯುವ ಕೆಲಸ ಎಂದೇ
ನನ್ನವ್ವ ಓಣಿಗೆಲ್ಲ ಹೇಳಿದ್ದಳು.
ಅದಕ್ಕ ಪಗಾರ ಕೊಡ್ತಾರೇನ ಎಂದವರಿಗೆ
ಪಿಂಚಣಿನೂ ಐತಂತ ಎಂದಿದ್ದಳು, ಸುಳ್ಳು.

ಮೊಳೆ ಹೊಡೆಯುವವ ಬೇರೆ ಇದ್ದ, ಮುಂಬಯಿಯಲ್ಲಿ.
ನಾನು ಪೆನ್ಸಿಲ್ಲಿನಿಂದ ಚುಕ್ಕೆ ಇಡುವವಳು:
ನೆಲದಿಂದ ಅರವತ್ತು ಇಂಚು,
ಚಿತ್ರದ ನಡು ಅಲ್ಲಿಗೆ ಬರಬೇಕು.
ಯಾರ ಕಣ್ಣು ಅಳೆದು ಗೊತ್ತುಮಾಡಿದರೋ
ಕೇಳುವ ವಯಸ್ಸಲ್ಲ ಆಗ.

ಇಪ್ಪತ್ತಾರು ವರ್ಷ ಬೇರೆಯವರ ಗೀರು ಬರೆದಿಟ್ಟೆ.
ಎಡಗಡೆ ಕೆಳಗೆ, ಎರಡು ಮಿಲಿಮೀಟರ್ ಬಿರುಕು.
ಹಿಂಬದಿಗೆ ಚಹಾದ ಕಲೆ, ಹಳೆಯದು.
ಬಿಳಿ ಕೈಗವಸು ತೊಟ್ಟೇ ಮುಟ್ಟಿದ್ದರಿಂದ
ಯಾವ ಬಣ್ಣದ ಮೈಯೂ ನನ್ನ ಬೆರಳಿಗೆ ಗೊತ್ತಿಲ್ಲ.
ವಡೋದರಾದಿಂದ ಪೆಟ್ಟಿಗೆಯೊಂದರ ಜೊತೆ
ಲಾರಿಯ ಮುಂದಿನ ಸೀಟಿನಲ್ಲಿ ರಾತ್ರಿಯೆಲ್ಲ ಕೂತು ಬಂದೆ;
ಒಳಗೇನು ಬಾಯಿ, ಎಂದ ಡ್ರೈವರ್.
ಹೆಸರಿಟ್ಟಿಲ್ಲ ಎಂದೆ.
ಹೆಣವೆಂದುಕೊಂಡನೋ ಏನೋ,
ವಾಪಿಯವರೆಗೆ ತುಟಿ ಬಿಚ್ಚಲಿಲ್ಲ.

ಒಮ್ಮೆ ಬೆಲ್ಲದಲ್ಲಿ ಎರೆದ ಕುರ್ಚಿಗೆ ಇರುವೆ ಹತ್ತಿದವು.
ಕಲಾವಿದೆಗೆ ಕಾಗದ ಬರೆದೆ, ಏನು ಮಾಡಲಿ?
ಅವೂ ಕೃತಿಯೇ, ಎಣಿಸಿಡಿ, ಎಂದು ಬಂತು ಉತ್ತರ.
ಯಾರೂ ನಂಬುವುದಿಲ್ಲ, ಎಣಿಸಿದೆ:
ರಾತ್ರಿ ಹತ್ತಕ್ಕೆ ಮುನ್ನೂರ ಹನ್ನೊಂದು.
ಬೆಳಿಗ್ಗೆ ಲೆಕ್ಕ ತಪ್ಪಿತ್ತು.

ಈಗ ಸೋಲಾಪುರ, ನನ್ನೂರು.
ಮುಚ್ಚಿದ ಗಿರಣಿಯ ನೂಲಿನ ಗೋದಾಮಿಗೆ
ಟ್ರಸ್ಟಿನವರು ಸುಣ್ಣ ಬಳಿದು
'ಸಮಕಾಲೀನ' ಎಂದು ಬರೆಸಿದ್ದಾರೆ ಬಾಗಿಲಿಗೆ.
ತೊಲೆಯ ಸಂದಿಯಲ್ಲಿ ಹಳೆಯ ಹತ್ತಿ ಇನ್ನೂ ಇದೆ,
ಮಾರ್ಚಿನ ಗಾಳಿಗೆ ಒಂದೊಂದೇ ಎಳೆ ಇಳಿದು
ಕಪ್ಪು ಚಿತ್ರಗಳ ಮೇಲೆ ನರೆಯಾಗಿ ಕೂರುತ್ತದೆ.
ದಿನಾ ಮೆತ್ತನೆಯ ಕುಂಚದಿಂದ ತೆಗೆದು
ಡಬ್ಬಿಯೊಂದರಲ್ಲಿ ಇಡುತ್ತೇನೆ. ಅದಕ್ಕೆ ನಂಬರಿಲ್ಲ.

ಗೋಡೆಬರಹ ಮರಾಠಿಯಲ್ಲಿದ್ದರೆ ಸಾಕು ಟ್ರಸ್ಟಿಗೆ.
ತೆಲುಗು ಬೇಡವೇ ಎಂದಳು ಪೂರ್ವಭಾಗದ ಹುಡುಗಿ.
ಕನ್ನಡಕ್ಕೆ ಉಳಿದದ್ದು ಸ್ವಿಚ್ ಬೋರ್ಡಿನ ಪಕ್ಕ ಗೇಣು ಜಾಗ;
ಅರವತ್ತು ಶಬ್ದದಲ್ಲಿ ಹದಿನಾಲ್ಕು ಹಿಡಿಸಿತು.

ನಮಗೆ ರಜೆಯಿದ್ದ ಸೋಮವಾರ
ಬೀಡಿ ಕಟ್ಟುವವರು ಬಂದರು, ಒಂಬತ್ತು ಜನ.
ಕಾರ್ಖಾನೆಗೆ ಎಲೆ ಬಂದಿರಲಿಲ್ಲವಂತೆ.
ಸುತ್ತ ನೋಡಿದರು, ನೆಲ ತಣ್ಣಗಿತ್ತು,
ಮಡಿಲಲ್ಲಿ ಮೊರವಿಲ್ಲದಿದ್ದರೂ
ಇದ್ದವರ ಹಾಗೆ ಕೂತೇಬಿಟ್ಟರು.
ಕೂತಲ್ಲಿಂದ ಕಂಡದ್ದು ಚೌಕಟ್ಟಿನ ಕೆಳ ಅಂಚು,
ಗಾಜಿನೊಳಗೆ ಟ್ಯೂಬ್‌ಲೈಟು.
ಇದು ನಿಂತವರ ಸಲುವಾಗಿ ಐತಿ ಬಿಡು,
ಎಂದಳು ನಿಂಬೆವ್ವ ಹಿಪ್ಪರಗಿ, ಬೇಸರವಿಲ್ಲದೆ,
ಮುಂದಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.

ಆ ರಾತ್ರಿ ಮೊಳೆ ನಾನೇ ಹೊಡೆದೆ.
ಮೂವತ್ತೊಂದು ಇಂಚು.
ನೋಡುವವರು ಬಗ್ಗಬೇಕಾಗುತ್ತದಲ್ಲ, ಎಂದರು ದೋಶಿ ಸಾಹೇಬರು.
ಬಗ್ಗಲಿ ಎನ್ನಲಿಲ್ಲ.
ಪ್ರಯೋಗ ಎಂದೆ. ಸಹಿ ಹಾಕಿದರು.

ಕಾವಲಿನ ಇರಣ್ಣ ಮ್ಹೇತ್ರೆ ಇದೇ ಗಿರಣಿಯ ಜಾಬರ್.
ಮಗ್ಗಗಳು ಅವನ ಕಿವಿ ಇಸಿದುಕೊಂಡು
ಕಬ್ಬಿಣದ ಕುರ್ಚಿ ಕೊಟ್ಟಿವೆ.
ಕಾಲೇಜಿನ ಹುಡುಗರು ಅದನ್ನೂ ಕೃತಿಯೆಂದು
ಫೋಟೋ ಹಿಡಿಯಬಂದರೆ ಎದ್ದು ಪಕ್ಕಕ್ಕೆ ಸರಿಯುತ್ತಾನೆ.

ಹೋದ ವಾರ ಶಬ್ದದ ಕೃತಿ ಬಂತು.
ಕತ್ತಲೆ ಕೋಣೆ, ಆರು ಸ್ಪೀಕರು,
ಗಿರಣಿ ಮುಚ್ಚಿದ ವರ್ಷ ಯಾರೋ ಹಿಡಿದಿಟ್ಟ ಮಗ್ಗಗಳ ಸದ್ದು.
ಕಲಾವಿದ ಹುಡುಗ ಕಣ್ಣು ಮುಚ್ಚಿ ನಿಂತ, ನಾನೂ.
ಇರಣ್ಣ ಗೋಡೆಗೆ ಅಂಗೈ ಹಚ್ಚಿದ.
ತುಸು ಹೊತ್ತಿಗೆ ಇನ್ನೊಂದು ಅಂಗೈ.
ನಾಕನೇ ಸಾಲಿಂದು, ಎಂದ,
ಕಿವಿ ಕೇಳದವರ ದೊಡ್ಡ ದನಿಯಲ್ಲಿ,
ಬೇರಿಂಗ್ ಹೋಗೇತಿ. ಅವಾಗೇ ಹೇಳಿದ್ದೆ. ಯಾರ್ ಕೇಳ್ತಾರ.

ರಿಜಿಸ್ಟರಿನಲ್ಲಿ, ಸ್ಥಿತಿ ಎಂಬ ಅಂಕಣದಲ್ಲಿ,
ಹುಡುಗ ಬರೆಸಿದ್ದ 'ಉತ್ತಮ'ವನ್ನು ಹೊಡೆದುಹಾಕಿ
ಬರೆದೆ: ನಾಲ್ಕನೇ ಸಾಲು, ಬೇರಿಂಗ್ ಸವೆದಿದೆ.
ಪರಿಶೀಲಿಸಿದವರು: ಇ. ಮ್ಹೇತ್ರೆ,
ಕೈಗವಸಿಲ್ಲದೆ.